ಬೆಜವಾಡದ ದೊಡ್ಡ ದೋಣಿ ನೀರಿನ ಮೇಲೆಯೇ ಬಂದದ್ದು

ಮಲಪ್ರಭೆ ಬಂದು ಕೃಷ್ಣೆಯ ಕೈ ಹಿಡಿಯುವಲ್ಲಿ ತಣ್ಣಗೆ ಕುಳಿತಿರುವ ಸಂಗಮನಾಥನಿಗೆ ಮೊದಲ ಶರಣು. ಹರಿಯುವ ನೀರನ್ನು ಹರಿಯಲು ಬಿಟ್ಟು, ನಿಲ್ಲುವ ನೀರನ್ನು ನಿಲ್ಲಲು ಬಿಟ್ಟು, ನಡುವೆ ನಮ್ಮಂಥವರನ್ನು ತೇಲಲು ಬಿಟ್ಟಿರುವ ಆ ತಂದೆ ಈ ನಾಲ್ಕು ಮಾತುಗಳನ್ನೂ ದಡ ಮುಟ್ಟಿಸಲಿ.

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಿ ಹಾಲು ಉಕ್ಕಿದರೆ ಒಲೆ ಒರೆಸುತ್ತಾರೆ. ನಮ್ಮಲ್ಲಿ ಹಾಲು ಯಾಕೆ ಉಕ್ಕಿತು ಎಂದು ವಿಚಾರಣೆ ನಡೆಯುತ್ತದೆ. ಕಾರಣ ನಮ್ಮ ಯಜಮಾನರು. ಹುನಗುಂದದ ಕಡೆಯ ಒಣಭೂಮಿಯಲ್ಲಿ ಹುಟ್ಟಿದವರು. ಅವರ ಊರಲ್ಲಿ ನೀರೆಂದರೆ ಕೊಡದ ಬಾಯಿಯಷ್ಟು ಅಗಲ. ಅಂಥವರು ನೌಕಾಪಡೆ ಸೇರಿ, ಇಪ್ಪತ್ತೈದು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದು, ವಿಶಾಖಪಟ್ಟಣದಲ್ಲಿ ನಿವೃತ್ತರಾದರು. ತೊಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ನಿವೃತ್ತಿಯಾದ ಮೇಲೆ ಒಂದು ದೊಡ್ಡ ದೋಣಿ ಕೊಳ್ಳಲು ಹೊರಟರು ನೋಡಿ, ಅಲ್ಲಿಂದ ಶುರು. ನಾನು ಬೆರಗಿನಿಂದ ಹೇಳುತ್ತೇನೆ. ನಗುವುದು ನಿಮಗೆ ಬಿಟ್ಟದ್ದು.

ಮನೆಯೇ ಇಂಜಿನ್ ಕೋಣೆ

ಎಂವಿಪಿ ಕಾಲೋನಿಯ ಎರಡನೇ ಮಹಡಿಯಲ್ಲಿ ನಮ್ಮ ಮನೆ. ನಿವೃತ್ತಿಯ ಮಾರನೇ ದಿನವೇ ಯಜಮಾನರು ಒಂದು ದಪ್ಪ ನೋಟ್‌ಬುಕ್ ತಂದು ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದರು. ಹಡಗಿನಲ್ಲಿ ಗಂಟೆಗೊಮ್ಮೆ ಯಂತ್ರದ ಬಿಸಿ, ಒತ್ತಡ ಎಲ್ಲ ಬರೆದಿಡುತ್ತಾರಂತೆ. ಇಲ್ಲಿ ಕುಕ್ಕರಿನ ಸೀಟಿ, ಫ್ರಿಜ್ಜಿನ ಬೆನ್ನಿನ ಬಿಸಿ, ತಾರಸಿಯ ತೊಟ್ಟಿಯ ನೀರು ಎಲ್ಲವೂ ದಾಖಲಾಗತೊಡಗಿದವು.

ಒಂದು ಬೆಳಿಗ್ಗೆ ನಾನು ಚಟ್ನಿ ರುಬ್ಬುತ್ತಿದ್ದೆ. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಿಕ್ಸರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಯಂತ್ರದ ಒಳಗಿನ ಸದ್ದು ಹಾಗೆ ಕೇಳಿದರೆ ಸ್ಪಷ್ಟವಂತೆ. ಅಷ್ಟರಲ್ಲಿ ಪಕ್ಕದ ಮನೆಯ ತೆಲುಗಮ್ಮ ಕರಿಬೇವು ಕೇಳಲು ಬಂದರು. ಒಳಗೆ ನೋಡಿದವರೇ ಕರಿಬೇವು ಮರೆತು, ನನ್ನನ್ನು ಹೊರಗೆ ಕರೆದರು.

"ಅಮ್ಮಾ, ಎಷ್ಟು ದಿನದಿಂದ ಹೀಗಿದೆ ಇವರಿಗೆ?"

"ಇಪ್ಪತ್ತೈದು ವರ್ಷದಿಂದ," ಅಂದೆ.

ಅದೇ ವಾರ ನನಗೆ ಕೆಮ್ಮು ಬಂತು. ಮಲಗಿದ್ದವಳ ಬೆನ್ನಿಗೆ ತಣ್ಣಗೆ ಏನೋ ತಾಗಿತು. ತಿರುಗಿ ನೋಡಿದರೆ ಇವರ ಕಿವಿ, ನಡುವೆ ಸ್ಕ್ರೂಡ್ರೈವರು.

"ಅಲ್ಲಾಡಬ್ಯಾಡ. ಬಲಗಡೆ ಬೇರಿಂಗ್ ಸ್ವಲ್ಪ ಒಣಗೈತಿ," ಅಂದರು. ಮರುದಿನ ಕಷಾಯ ಮಾಡಿ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಬರೆದದ್ದು: "ಎಣ್ಣೆ ಹಾಕಲಾಯಿತು."

ಉಸಿರು ಬಿಡಬೇಡಿ

ಮನುಷ್ಯ ದಡದಲ್ಲಿ ಒಣಗುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಇವರೂ ಅದನ್ನು ಅರಿತಿರಬೇಕು. ಕೆಳಗಿನ ಮನೆಯ ಬ್ಯಾಂಕ್ ಅಧಿಕಾರಿಗಳನ್ನು ಜೊತೆಗೆ ಹಾಕಿಕೊಂಡು ಒಂದು ಹಳೆಯ ಹಾಯಿದೋಣಿ ತಂದರು. ಬ್ಯಾಂಕಿನವರು ಮೈಸೂರಿನ ಕಡೆಯವರು, ವರ್ಗವಾಗಿ ಬಂದವರು, ಮೃದು ಮಾತು, ತುಂಬು ಶರೀರ. ದೋಣಿಯೋ, ನಮ್ಮ ಬಟ್ಟೆ ನೆನೆಸುವ ತೊಟ್ಟಿಗಿಂತ ಒಂದು ಮೊಳ ಉದ್ದ.

ಒಂದು ಭಾನುವಾರ ನನ್ನನ್ನೂ ಕೂರಿಸಿಕೊಂಡು ಹೊರಟರು. ನಾನು ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡೇ ಹತ್ತಿದೆ. ಮೂವರು ಕೂತ ಮೇಲೆ ನೀರಿಗೂ ದೋಣಿಯ ಅಂಚಿಗೂ ಒಂದು ಗೇಣು ಉಳಿಯಿತು.

"ಯಾರೂ ಜೋರಾಗಿ ಉಸಿರು ಬಿಡಬ್ಯಾಡ್ರಿ," ಎಂದು ಇವರ ಅಪ್ಪಣೆ.

ಬ್ಯಾಂಕಿನವರು ನಡುಗುವ ದನಿಯಲ್ಲಿ, "ಸಾರ್, ಒಳಗೆ ತೊಗೋಬಹುದಾ?" ಎಂದರು.

ಒಳಗೆ ತೆಗೆದುಕೊಂಡದ್ದು ಸೀನಾಗಿ ಹೊರಬಂತು. ಒಂದು ಕೊಡದಷ್ಟು ಬಂಗಾಳ ಕೊಲ್ಲಿ ನನ್ನ ಮಡಿಲಿಗೆ ಬಂದು ಕೂತಿತು. ಪಕ್ಕದಲ್ಲಿ ಹೋಗುತ್ತಿದ್ದ ಮೀನುಗಾರರು ಹುಟ್ಟು ನಿಲ್ಲಿಸಿದರು. "ಸಾರ್, ಹೊರಟಿದೀರೋ ಮುಳುಗ್ತಿದೀರೋ? ಮುಳುಗೋದಾದರೆ ಹೇಳಿಬಿಡಿ, ಬಲೆ ಬೇರೆ ಕಡೆ ಹಾಕ್ತೀವಿ."

ತಿರುಗಿ ಬಂದು, ನಾನು ಮರಳ ಮೇಲೆ ಸೀರೆ ಹಿಂಡುತ್ತಿದ್ದೆ. ಇವರು ನೀರನ್ನೇ ನೋಡುತ್ತ ಕೂತಿದ್ದರು. "ನಿನಗ ಒಂದು ಮಾತು ಹೇಳಲೇನು? ಇಪ್ಪತ್ತೈದು ವರ್ಷ ನಾ ಸಮುದ್ರದಾಗ ಇದ್ನಿ, ಸಮುದ್ರ ನೋಡಿಲ್ಲ. ಇಂಜಿನ್ ಕೋಣ್ಯಾಗ ಕಿಡಕಿ ಇರೂದಿಲ್ಲ. ಒಂದು ದೊಡ್ಡ ದೋಣಿ ಬೇಕು. ಮ್ಯಾಲೆ ಕೂತು ನೋಡಬೇಕು. ನೀನೂ ಕೂಡಬೇಕು, ಒಣಾ ಸೀರ್‍ಯಾಗ."

ಶಿವ ಶಿವಾ. ಅಷ್ಟು ವರ್ಷ ಇವರ ಪತ್ರಗಳಲ್ಲಿ ಸಮುದ್ರ ಹೇಗಿದೆ ಎಂದು ಒಂದು ಸಾಲೂ ಇರುತ್ತಿರಲಿಲ್ಲ. ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ಪಟಮಟದಲ್ಲಿ ಪರೀಕ್ಷೆ

ದೊಡ್ಡ ದೋಣಿ ಸಿಕ್ಕಿದ್ದು ದೂರದ ಬೆಜವಾಡದಲ್ಲಿ, ಅಂದರೆ ವಿಜಯವಾಡದಲ್ಲಿ. ಗವರ್ನರ್‌ಪೇಟೆಯಲ್ಲಿ ಪಂಪು, ಮೋಟಾರಿನ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಅಂಗಡಿಯನ್ನು ಮಗನಿಗೆ ಬಿಟ್ಟು ಅದೇ ಊರಿನ ಪಟಮಟದ ಮನೆಯಲ್ಲಿದ್ದರು. ಅವರೇ ನಿಂತು ಕಟ್ಟಿಸಿದ ದೋಣಿ. ಇಪ್ಪತ್ತೆಂಟು ಅಡಿ, ಇಂಜಿನ್, ಮಡಚಿ ಇಡುವ ಹಾಯಿಕಂಬ, ನಾಲ್ಕು ಮಲಗುವ ಹಲಗೆ, ಒಂದು ಪುಟ್ಟ ಅಡುಗೆಕಟ್ಟೆ. ಬ್ಯಾಂಕಿನವರ ಮೂಲಕ ವಿಷಯ ತಿಳಿದು ಮೂವರೂ ರೈಲು ಹತ್ತಿದೆವು.

ಮನೆಗೆ ಹೋದರೆ ಹಿರಿಯರು ದೋಣಿಯ ಮಾತೇ ಎತ್ತಲಿಲ್ಲ. "ಮೊದಲು ಊಟ ಅಂಡಿ. ಹಸಿದ ಕಣ್ಣಿಗೆ ಎಲ್ಲ ದೋಣಿಯೂ ಚೆನ್ನಾಗಿ ಕಾಣುತ್ತೆ." ಗೋಂಗೂರ ಸೊಪ್ಪಿನ ಚಟ್ನಿ, ಮುದ್ದಪಪ್ಪು ಎನ್ನುವ ಗಟ್ಟಿ ಬೇಳೆ, ತುಪ್ಪ, ಮೇಲೆ ಆವಕಾಯಿ ಉಪ್ಪಿನಕಾಯಿ. ಬ್ಯಾಂಕಿನವರು ಮೂರನೇ ಸಲ ಅನ್ನ ಹಾಕಿಸಿಕೊಂಡು, "ಸಾರ್, ದೋಣಿ ಚೆನ್ನಾಗಿದೆ," ಎಂದರು.

ಆಮೇಲೆ ನದಿಗೆ ಅಡ್ಡ ಕಟ್ಟಿದ ಬ್ಯಾರೇಜಿನ ಮೇಲ್ಭಾಗದ ನೀರಿಗೆ ಕರೆದೊಯ್ದರು. ನಾನು ದೋಣಿ ನೋಡುವ ಮೊದಲು ನದಿ ನೋಡಿದೆ. ಕೃಷ್ಣೆ! ನಮ್ಮ ಸಂಗಮದಲ್ಲಿ ನಾನು ಮದುವೆಗೆ ಮುಂಚೆ ಕಾಲು ತೊಳೆದ ನೀರು ಇಷ್ಟು ದೂರ ನಡೆದು, ಇಷ್ಟು ಅಗಲವಾಗಿ, ನನಗಿಂತ ಮೊದಲೇ ಬಂದು ನಿಂತಿದೆ. ಬಗ್ಗಿ ಒಂದು ಬೊಗಸೆ ತೆಗೆದು ಕಣ್ಣಿಗೆ ಒತ್ತಿಕೊಂಡೆ. ತವರಿನವರು ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಂತಾಯಿತು.

ಅಷ್ಟರಲ್ಲಿ ಯಜಮಾನರು ಸಣ್ಣ ಸುತ್ತಿಗೆ ತೆಗೆದು ದೋಣಿಯ ಒಂದೊಂದು ಹಲಗೆಯನ್ನೂ ಟಕ್ ಟಕ್ ಎಂದು ಬಡಿಯತೊಡಗಿದ್ದರು. ಹಲಗೆ ಕೊಳೆತಿದ್ದರೆ ಸದ್ದು ಬೇರೆ ಬರುತ್ತದೆ. ಕೆಳಗಿನಿಂದ ನೋಡಿದರು, ಒಳಗಿನಿಂದ ನೋಡಿದರು, ನೀರಿಗಿಳಿದು ತಳ ನೋಡಿದರು. ಮುಕ್ಕಾಲು ಗಂಟೆ. ಹಿರಿಯರು ಮರದ ನೆರಳಲ್ಲಿ ಕೂತು ಒಂದೊಂದು ಟಕ್ಕಿಗೂ ಮುಖ ಹಿಂಡುತ್ತಿದ್ದರು. ಕೊನೆಗೆ ಎದ್ದು ಬಂದು, "ಮುಗೀತಾ ಬಾಬೂ? ಈಗ ಸುತ್ತಿಗೆ ಇಲ್ಲಿ ಕೊಡಿ," ಎಂದರು.

ಕೊಟ್ಟರು. ಹಿರಿಯರು ಸುತ್ತಿಗೆಯ ಹಿಡಿಯಿಂದ ನಮ್ಮ ಯಜಮಾನರ ಭುಜ, ಬೆನ್ನು, ಮೊಣಕಾಲು ಎಲ್ಲ ಮೆಲ್ಲಗೆ ತಟ್ಟಿ ನೋಡಿದರು. "ದೋಣಿ ಕೊಡುವವನೂ ನೋಡಬೇಕಲ್ಲ. ಎಡ ಮೊಣಕಾಲಿಗೆ ಸ್ವಲ್ಪ ಹುಳು ಬಿದ್ದಿದೆ. ಉಳಿದದ್ದು ಪರವಾಗಿಲ್ಲ."

ಎಡ ಮೊಣಕಾಲು ನೋಯುತ್ತಿದ್ದದ್ದು ಆ ಹಿರಿಯರಿಗೆ ಹೇಗೆ ತಿಳಿಯಿತೋ, ಆ ಊರಿನ ಕನಕದುರ್ಗಮ್ಮನಿಗೇ ಗೊತ್ತು.

ಲಾರಿ ಬೇಡ

ದೋಣಿಯ ನಡುವಿನ ಕೋಣೆಯ ಚಾವಣಿ ಮಾತ್ರ ವಿಪರೀತ ಎತ್ತರವಿತ್ತು. ನಾನು ಒಳಗೆ ನೆಟ್ಟಗೆ ನಿಂತೆ. ಹಿರಿಯರು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು.

"ತಲೆ ತಾಗಲ್ಲ ಅಲ್ವಾ ಅಮ್ಮಾ? ನಮ್ಮಾಕೆಗಾಗಿ ಎತ್ತರಿಸಿದ್ದು. ಬಗ್ಗಿ ಅಡುಗೆ ಮಾಡಿದರೆ ಅವಳಿಗೆ ಸೊಂಟ ನೋವು. ನದಿಯಲ್ಲೇ ಹೋಗಿ ಸಮುದ್ರ ನೋಡೋಣ ಅಂದಿದ್ದೆ. ಈ ವರ್ಷ, ಮುಂದಿನ ವರ್ಷ ಅಂತ ಅಂಗಡಿ ನೋಡ್ಕೊಂಡೆ. ಅವಳು ಕಾಯಲಿಲ್ಲ." ಆಮೇಲೆ ಯಜಮಾನರ ಕಡೆ ತಿರುಗಿದರು. "ಗವರ್ನರ್‌ಪೇಟೆಯಲ್ಲಿ ಎಲ್ಲ ನಗ್ತಾರೆ, ಇದು ದೋಣಿ ಅಲ್ಲ, ಬ್ಯಾರೇಜಿಗೆ ಕಟ್ಟಿದ ಎಮ್ಮೆ ಅಂತ. ಮೊದಲು ಬಂದವನು ಲಾರಿ ಮೇಲೆ ಹೊತ್ತುಕೊಂಡು ಹೋಗ್ತೀನಿ ಅಂದ, ಕಳಿಸಿಬಿಟ್ಟೆ. ನನ್ನ ದೋಣಿ ನೀರಿನ ಮೇಲೆಯೇ ಸಮುದ್ರಕ್ಕೆ ಹೋಗಬೇಕು. ನಾನೂ ಬರ್ತೀನಿ. ಸಮುದ್ರ ಮುಟ್ಟಿದ ಮೇಲೆ ಕಾಗದಕ್ಕೆ ಸಹಿ. ಮುಟ್ಟದಿದ್ದರೆ ದೋಣಿ ವಾಪಸ್ಸು."

ದಾರಿ ಇತ್ತು. ಬೆಜವಾಡದಿಂದ ಏಲೂರಿಗೆ ಕಾಲುವೆ, ಅಲ್ಲಿಂದ ಗೋದಾವರಿಗೆ, ಗೋದಾವರಿ ದಾಟಿ ಕಾಕಿನಾಡಕ್ಕೆ. ಆದರೆ ಬೇಸಿಗೆ ಬಂದರೆ ದುರಸ್ತಿಗೆಂದು ಕಾಲುವೆಗಳಿಗೆ ನೀರು ನಿಲ್ಲಿಸುತ್ತಾರೆ. ಅಷ್ಟರೊಳಗೆ ದಾಟಬೇಕು, ಇಲ್ಲವಾದರೆ ಕೆಸರಲ್ಲಿ ಕೂರಬೇಕು.

ಯಜಮಾನರು ನಕ್ಕರು. "ಅಜ್ಜಾರ, ನಾ ಮಹಾಸಾಗರ ದಾಟೀನಿ. ಇದು ಕಾಲುವಿ!"

"ಮಹಾಸಾಗರ ಸರಿ ಬಾಬೂ. ಅದರಲ್ಲಿ ಎಮ್ಮೆ ಇರುತ್ತಾ?" ಎಂದರು ಹಿರಿಯರು.

ಹನ್ನೊಂದು ನೌಕೆಗಳಿಗೆ ದಾರಿ

ಯಜಮಾನರು ಮೂರು ವಾರ ಕಾಲುವೆಯ ಆಳ ವಿಚಾರಿಸಿದರು. ಎಲ್ಲಿ ಎಷ್ಟು ನೀರು, ಎಲ್ಲಿ ಹೂಳು, ದೋಣಿಯ ತಳ ಎಷ್ಟು ಕೆಳಗೆ, ಎಲ್ಲ ಬರೆದುಕೊಂಡರು. ಹಾಯಿಕಂಬ ಮಡಚಿ ಕಟ್ಟಿದರು. ಹಿರಿಯರು ಹಾಸಿಗೆ, ಕೊಡೆ ಮತ್ತು ಏಳು ಜಾಡಿ ಉಪ್ಪಿನಕಾಯಿಯೊಂದಿಗೆ ಹತ್ತಿದರು. ಬ್ಯಾಂಕಿನವರು ರಜೆ ಹಾಕಿ ಬಂದರು. ಈಜು ಬರುವುದಿಲ್ಲವೆಂದು ಲಾರಿಯ ಟ್ಯೂಬೊಂದನ್ನು ಸೊಂಟಕ್ಕೆ ಹಾಕಿಕೊಂಡೇ ಊಟಕ್ಕೂ ಕೂರುತ್ತಿದ್ದರು.

ಮೊದಲ ಬೆಳಗು ಮರೆಯಲಾರೆ. ಎರಡೂ ಕಡೆ ಹಸಿರು ಗದ್ದೆ, ನೀರಿನ ಮೇಲೆ ತೆಳ್ಳಗೆ ಮಂಜು. ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದೆ. ಕೆಳಗಿನ ಹಲಗೆ ಅಲುಗದಂತಿತ್ತು, ನಾನು ಕೂತಲ್ಲೇ ಇದ್ದೆ, ಲೋಕ ಮಾತ್ರ ಮೆಲ್ಲಗೆ ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಇಷ್ಟು ದಿನ ಗುಡಿಯ ಸುತ್ತ ನಾನೇ ತಿರುಗಬೇಕೆಂದುಕೊಂಡಿದ್ದೆ.

ಪೂಜೆ ಮುಗಿಯುವಷ್ಟರಲ್ಲಿ ದೋಣಿ ನಿಂತಿತು. ಎದುರಿಗೆ ಎಮ್ಮೆಗಳು, ಕಾಲುವೆಯ ಉದ್ದಗಲಕ್ಕೆ ಮೂಗು ಮಾತ್ರ ಮೇಲೆ. ಯಜಮಾನರು ಹಾರ್ನ್ ಒತ್ತಿದರು. ಒಂದು ಎಮ್ಮೆ ಕಿವಿ ಅಲ್ಲಾಡಿಸಿತು. ಮೂರು ಸಲ ಉದ್ದಕ್ಕೆ ಒತ್ತಿದರು. ದಡದಲ್ಲಿ ಕೂತಿದ್ದ ಮುದುಕಿ ಎದ್ದು ನಿಂತು ಕೈ ಬೀಸಿದಳು. "ಯಾಕಯ್ಯಾ ಕಿರುಚ್ತೀಯಾ? ಅವು ಸ್ನಾನಕ್ಕೆ ಇಳಿದಿವೆ. ನಿನ್ನ ಮನೇಲಿ ಹೆಂಗಸರು ಸ್ನಾನ ಮಾಡುವಾಗ ಹಿಂಗೇ ಕೊಂಬು ಊದ್ತೀಯಾ?"

ಯಜಮಾನರು ಕೆಂಪಗಾದರು. ಬ್ಯಾಂಕಿನವರು ಟ್ಯೂಬಿನೊಳಗಿಂದ ಕೇಳಿದರು: "ಸಾರ್, ಸಮುದ್ರದ ಕಾನೂನು ಏನು? ಎದುರುಬದುರು ಬಂದರೆ ಯಾರು ದಾರಿ ಬಿಡಬೇಕು?"

"ಇಂಜಿನ್ ಇದ್ದದ್ದು, ಇಂಜಿನ್ ಇಲ್ಲದ್ದಕ್ಕ ದಾರಿ ಬಿಡಬೇಕು."

"ಎಮ್ಮೆಗೆ ಇಂಜಿನ್ ಇಲ್ವಲ್ಲ ಸಾರ್."

ಯಜಮಾನರು ಒಂದು ನಿಮಿಷ ಯೋಚಿಸಿ ಇಂಜಿನ್ ಆರಿಸಿದರು. ಕಾನೂನು ಕಾನೂನೇ. ಆ ದಿನದ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಹನ್ನೊಂದು ನೌಕೆಗಳಿಗೆ ದಾರಿ ಬಿಡಲಾಯಿತು. ನಲವತ್ತು ನಿಮಿಷ. ಒಂದು ನೌಕೆ ಸೆಗಣಿ ಹಾಕಿತು."

ನಾಲ್ಕು ಬೆರಳು

ಏಲೂರು ದಾಟಿ ಎರಡನೇ ದಿನ ಒಂದು ಹಳ್ಳಿಯ ಹತ್ತಿರ ಬಂದೆವು. ಕಾಲುವೆಯ ಪಕ್ಕದಲ್ಲೇ ದೊಡ್ಡ ಚಪ್ಪರ, ಮಾವಿನ ತೋರಣ, ಮೈಕು. ಶ್ರೀರಾಮನವಮಿ, ಸೀತಾರಾಮರ ಕಲ್ಯಾಣ ನಡೆಯುತ್ತಿತ್ತು. ಚಪ್ಪರದ ಮುಂದೆ ಊರವರೇ ಗಾಡಿ ದಾಟಿಸಲು ಹಾಕಿಕೊಂಡ ಒಂದು ತಗ್ಗು ಸೇತುವೆ.

ದೋಣಿಯ ಮೂತಿ ಸೇತುವೆಯ ಕೆಳಗೆ ಹೋಯಿತು. ಕೋಣೆಯ ಚಾವಣಿ ಹೋಗಿ ತೊಲೆಗೆ ಢಕ್ಕೆಂದು ಬಡಿಯಿತು. ಬ್ಯಾಂಕಿನವರು ಟ್ಯೂಬು ಸಮೇತ ಕೂತಲ್ಲಿಂದ ಪುಟಿದರು.

ಯಜಮಾನರು ಮೆಲ್ಲಗೆ ಮುಖ ಮೇಲೆತ್ತಿದರು. ನನ್ನ ಮದುವೆಯಾದ ಮೇಲೆ ಇವರು ಅಷ್ಟು ಹೊತ್ತು ಮೇಲಕ್ಕೆ ನೋಡಿದ್ದು ಅದೇ ಮೊದಲು. ಮೂರು ವಾರ ಕೆಳಗಿನ ಆಳ ಅಳೆದಿದ್ದರು, ಮೇಲಿನದನ್ನು ಅಳೆಯಬೇಕೆಂದು ಹೊಳೆದೇ ಇರಲಿಲ್ಲ. "ಸಮುದ್ರದಾಗ ಮ್ಯಾಲೆ ಏನೂ ಇರೂದಿಲ್ಲಲೇ..." ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಚಾವಣಿ ತೊಲೆಗಿಂತ ನಾಲ್ಕು ಬೆರಳು ಎತ್ತರ. ನಾಲ್ಕೇ ಬೆರಳು.

ಮುಂದಿನ ಲಾಕಿನಲ್ಲಿ, ಅಂದರೆ ನೀರಿನ ಮಟ್ಟ ಏರಿಳಿಸುವ ಕಟ್ಟೆಯಲ್ಲಿ, ಬಾಗಿಲು ತೆರೆದು ದೋಣಿ ದಾಟಿಸುವ ನೌಕರ ಹಬ್ಬದ ಊಟಕ್ಕೆ ಅಲ್ಲಿಗೇ ಬಂದಿದ್ದ. ಅವನನ್ನು ಕೇಳಿದರು. "ಈ ಸೇತುವೆ ದಾಟಿದರೆ ಗೋದಾವರಿ ತನಕ ತಲೆ ಎತ್ಕೊಂಡು ಹೋಗಬಹುದು ಸಾರ್. ಇದೇ ಎಲ್ಲಕ್ಕಿಂತ ತಗ್ಗು. ನಾಡಿದ್ದು ಕಾಲುವೆಗೆ ನೀರು ನಿಲ್ಲುತ್ತೆ. ನೀರು ಇಳಿದ ಮೇಲೆ ನಿಮ್ಮ ದೋಣಿ ಇದರ ಕೆಳಗೆ ಸಲೀಸಾಗಿ ಹೋಗುತ್ತೆ."

"ಹೌದೇನು!" ಎಂದರು ಯಜಮಾನರು.

"ಹೌದು ಸಾರ್. ಆದರೆ ಆಮೇಲೆ ಎಲ್ಲಿಗೆ ಹೋಗ್ತೀರಿ? ಕೆಸರಲ್ಲಿ ಕೂತು ಮಳೆಗಾಲ ಕಾಯಬೇಕು."

ಯಜಮಾನರು ಗರಗಸ ತೆಗೆದರು. ಚಾವಣಿ ಕೊಯ್ದು, ಆಮೇಲೆ ಕೂಡಿಸಿದರಾಯಿತು ಎಂಬುದು ಅವರ ಲೆಕ್ಕ. ಹಿರಿಯರು ಬೇಡವೆನ್ನಲಿಲ್ಲ. ಕೋಣೆಯ ಒಳಗೆ ಹೋಗಿ, ಆ ಪುಟ್ಟ ಅಡುಗೆಕಟ್ಟೆಯ ಮುಂದೆ ನೆಟ್ಟಗೆ ನಿಂತು, ಒಂದು ಕೈಯಿಂದ ಚಾವಣಿಯನ್ನು ಸವರಿದರು. "ಕೊಯ್ಯಿರಿ ಬಾಬೂ. ನಿಮ್ಮ ತಪ್ಪೇನಿದೆ? ರಾಮ ಸೇತುವೆ ಕಟ್ಟಿ ಸಮುದ್ರ ದಾಟಿದ. ನಮಗೆ ಸೇತುವೆ ದಾಟಿದರೆ ಸಮುದ್ರ."

ಇವರು ಗರಗಸವನ್ನು ಎತ್ತಿದರು. ಹಿರಿಯರ ಕೈ ನೋಡಿದರು. ಸುಮ್ಮನೆ ಅದನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಸಮುದ್ರವನ್ನೂ ಅದರೊಳಗೇ ಇಟ್ಟು ಮುಚ್ಚಿದಂತಿತ್ತು ಮುಖ. ನಾನು ಕಣ್ಣು ಮುಚ್ಚಿ, "ತಂದೇ, ನಾಲ್ಕು ಬೆರಳಿನ ವಿಷಯ, ಇಷ್ಟು ಸಣ್ಣದನ್ನು ಕೇಳಲು ನನಗೇ ನಾಚಿಕೆ," ಎಂದೆ.

ಆಗ ಚಪ್ಪರದಿಂದ ಅಡುಗೆಯ ಮೇಲ್ವಿಚಾರಣೆಯ ಹೆಂಗಸು ಬಂದಳು. ತುಂಬು ಗಾತ್ರ, ಸೊಂಟದ ಮೇಲೆ ದೊಡ್ಡ ಹಿತ್ತಾಳೆ ಬಿಂದಿಗೆ, ತುಂಬ ಪಾನಕ. "ಹಬ್ಬದ ದಿನ ಊರಿಗೆ ಬಂದವರು ಬಾಯಿ ಒಣಗಿಸಿಕೊಂಡು ಕೂರ್ತಾರಾ?" ಎನ್ನುತ್ತ ದೋಣಿಗೆ ಕಾಲಿಟ್ಟಳು.

ಯಜಮಾನರ ಕಣ್ಣು ತೊಲೆಯ ಮೇಲೇ ಇತ್ತು. "ಅಮ್ಮಾ!" ಎಂದು ಕೂಗಿದರು. "ಇಳೀಬ್ಯಾಡ್ರಿ! ಅಲ್ಲೇ ನಿಂದರ್ರಿ! ದೋಣಿ ಇಳದೈತಿ! ಕೂದಲಷ್ಟು ಇಳದೈತಿ!"

ಸಂಭ್ರಮದಲ್ಲಿ ಕನ್ನಡದಲ್ಲೇ ಕೂಗಿದ್ದು ಅವಳಿಗೆ ಅರ್ಥವಾಗಲಿಲ್ಲ. ನಾನು ತೆಲುಗಿನಲ್ಲಿ ತಿಳಿಸಿ ಹೇಳಿದೆ. ಅವಳು ಬಿಂದಿಗೆ ಇಳಿಸದೆ ಕೇಳಿದಳು: "ನಾನು ದಪ್ಪ ಅಂತಾನಾ ನಿನ್ನ ಗಂಡ?"

"ಇಲ್ಲಮ್ಮಾ, ನೀನೇ ದಾರಿ ಅಂತಿದಾರೆ," ಎಂದೆ.

ಯಜಮಾನರು ಪೆನ್ಸಿಲ್ ತೆಗೆದು ಲೆಕ್ಕ ಹಾಕಿದರು. ದೋಣಿ ನಾಲ್ಕು ಬೆರಳು ಮುಳುಗಲು ಇಪ್ಪತ್ತೆರಡು ಜನ ಬೇಕು. ಲಾಕಿನ ನೌಕರ ಚಪ್ಪರಕ್ಕೆ ಸುದ್ದಿ ಮುಟ್ಟಿಸಿದ. ಮೈಕಿನಲ್ಲಿ ಕಲ್ಯಾಣ ಮಾಡಿಸುತ್ತಿದ್ದ ಪುರೋಹಿತರು ನಡುವೆ ಒಂದು ಮಾತು ಸೇರಿಸಿದರು: "ಭಕ್ತರಲ್ಲಿ ವಿನಂತಿ. ತಲಂಬ್ರಾಲಿನ ಅಕ್ಷತೆ ಮುಗಿದ ಮೇಲೆ ತೂಕವುಳ್ಳವರು ಕಾಲುವೆಯ ಕಡೆ ಬರಬೇಕು."

ಒಬ್ಬರೂ ಬರಲಿಲ್ಲ. ಊರಲ್ಲಿ ತೂಕವುಳ್ಳವರೇ ಇರಲಿಲ್ಲ. ಬಲ್ಲಿದ ರೈತರೊಬ್ಬರು, ಮುಂದೆ ಹೊಟ್ಟೆ ಬಂದು ಆಮೇಲೆ ತಾವು ಬರುವಂಥವರು, "ನಾನು ಗಾಳಿ ಮನುಷ್ಯ," ಎಂದು ಕಂಬದ ಹಿಂದೆ ಸರಿದರು. ಆಗ ನಮ್ಮ ಬ್ಯಾಂಕಿನವರು ಸೊಂಟದ ಟ್ಯೂಬು ಕಳಚಿ ಎಸೆದು, ಎದೆ ಸೆಟೆಸಿ ನಿಂತರು. "ತೊಂಬತ್ತೆರಡು ಕೆಜಿ! ಸತ್ಯವಾಗಿ ಹೇಳ್ತಿದೀನಿ. ಇಷ್ಟು ವರ್ಷ ಯಾತಕ್ಕೆ ಹೊತ್ತುಕೊಂಡಿದ್ದೆ ಅಂತ ಇವತ್ತು ಗೊತ್ತಾಯ್ತು. ಬನ್ನಿ!"

ಅದನ್ನು ಕೇಳಿ ಊರು ನಕ್ಕಿತು, ನಕ್ಕದ್ದೇ ಹತ್ತಿತು. ಹೆಂಗಸರು ಕೋಣೆಯೊಳಗೆ, ಗಂಡಸರು ಹೊರಗೆ, ಚಾವಣಿಯ ಮೇಲೆ ಮಾತ್ರ ಯಾರೂ ಇಲ್ಲ. ಇನ್ನೊಬ್ಬರು ಕಾಲಿಡಲು ಜಾಗವಿರಲಿಲ್ಲ. ದೋಣಿ ಇಳಿಯಿತು, ಇಳಿಯಿತು. ದಡದಿಂದ ಹಗ್ಗ ಎಳೆದರು. ಯಜಮಾನರು ಬಗ್ಗಿ ನೋಡಿ ಕೈ ಎತ್ತಿದರು. "ನಿಲ್ಲಸ್ರಿ! ಸಾಲದು! ಒಂದು ಜ್ವಾಳದ ರೊಟ್ಟಿಯಷ್ಟು ಸಾಲದು!"

ಅವರ ಲೆಕ್ಕವೆಲ್ಲ ನೌಕಾಪಡೆಯ ಮೈಕಟ್ಟಿನದು; ಬಿಸಿಲಲ್ಲಿ ದುಡಿಯುವ ಜನ ಅಷ್ಟು ತೂಗುವುದಿಲ್ಲ. ಕೋಣೆಯೊಳಗಿಂದ ಅಡುಗೆಯ ಹೆಂಗಸಿನ ದನಿ ಬಂತು.

"ಇದಕ್ಕೇನು ಅಷ್ಟು ಚಿಂತೆ? ಯಾರೂ ಇನ್ನೂ ಊಟ ಮಾಡಿಲ್ಲ."

ಯಜಮಾನರು ಮತ್ತೆ ಪೆನ್ಸಿಲ್ ತೆಗೆದರು. ಪಾನಕ ಎರಡು ಲೋಟ, ಅನ್ನ, ಪಪ್ಪು, ಪುಳಿಹೋರ, ಮಜ್ಜಿಗೆ... ತುಟಿ ಅಲ್ಲಾಡುತ್ತಿತ್ತು. ತಲೆ ಎತ್ತಿದಾಗ ಕಣ್ಣಲ್ಲಿ ಹೊಳಪು. "ಆಗತೈತಿ! ಆದರ ಎಲ್ಲಾರಿಗೂ ಎರಡೆರಡು ಸಲ ಬಡಸಬೇಕು!"

ಇಪ್ಪತ್ತೆರಡು ಜನ ಇಳಿದರು, ಪಂಕ್ತಿಯಲ್ಲಿ ಕೂತರು. ಯಜಮಾನರು ಎಲೆಗಳ ನಡುವೆ ಓಡಾಡುತ್ತ, ಹರಕು ತೆಲುಗಿನಲ್ಲಿ ಬೇಡಿಕೊಂಡರು: "ಇನ್ನೊಂದು ಸೌಟು! ದೋಣಿಗೋಸ್ಕರ!" ಆ ಗಾಳಿ ಮನುಷ್ಯರು ಮೂರನೇ ಸಲ ಪುಳಿಹೋರ ಹಾಕಿಸಿಕೊಂಡು, "ಪರೋಪಕಾರ," ಎಂದರು. ಬ್ಯಾಂಕಿನವರ ಮುಂದೆ ಬಡಿಸುವವರು ನಿಂತೇಬಿಟ್ಟಿದ್ದರು.

ಎಲ್ಲರೂ ಏದುಸಿರು ಬಿಡುತ್ತ ಮತ್ತೆ ಹತ್ತಿದರು. ಅಡುಗೆಯ ಹೆಂಗಸು ಕೊನೆಗೆ ಬಂದು, "ಬೇಗ ಎಳೀರಯ್ಯಾ. ಅರಗಿ ಹೋದರೆ ದೋಣಿ ಮತ್ತೆ ಮೇಲೇಳುತ್ತೋ ಏನೋ!" ಎಂದಳು.

ಎಳೆದರು. ಅವರು ರಾಮ ಎಂದರು, ನಾನು ಶಿವ ಎಂದೆ. ಸೇತುವೆ ಭೇದ ಮಾಡಲಿಲ್ಲ. ತಲೆಯ ಮೇಲೆ ಕರ್‍ರ್‍ ಎಂದು ಉದ್ದಕ್ಕೆ ಒಂದು ಸದ್ದು, ಬಣ್ಣ ಹೆರೆದುಹೋಗುವ ಸದ್ದು. ಹಿರಿಯರು ಎರಡೂ ಕೈಯಿಂದ ಚಾವಣಿಯನ್ನು ಹಿಡಿದು ನಿಂತಿದ್ದರು, ಅದು ಹೆದರೀತೆಂಬಂತೆ. ಆಮೇಲೆ ಒಮ್ಮೆಲೇ ಬೆಳಕು.

ಒಂದು ಊರಿನ ಊಟದ ಭಾರದಿಂದ ದಾರಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಹಗುರಾದರೆ ಮಾತ್ರ ದಾಟಬಹುದೆಂದು ತವರಿನ ದೊಡ್ಡವರು ಹೇಳಿದ್ದನ್ನೇ ಕೇಳಿ ಬೆಳೆದವಳು ನಾನು. ಆ ತಂದೆಯ ಲೆಕ್ಕ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಸಹಿ

ನೀರು ನಿಲ್ಲುವ ಮೊದಲೇ ಗೋದಾವರಿ ಸೇರಿದೆವು. ಅದನ್ನು ದಾಟಿ ಮುಂದಿನ ಕಾಲುವೆಯಲ್ಲಿ ಕಾಕಿನಾಡ ಮುಟ್ಟಿದೆವು. ದಡದಲ್ಲಿ ಹಿರಿಯರ ಮಗ ಅವರನ್ನು ಕರೆದೊಯ್ಯಲು ಕಾರು ತಂದು ನಿಂತಿದ್ದ. ಯಜಮಾನರು ಕಾಗದ, ಪೆನ್ನು ಹಿಡಿದು ಮುಂದೆ ಬಂದರು. "ಅಜ್ಜಾರ, ನೀರಿನ ಮ್ಯಾಲೇ ಬಂದ್ವಿ. ಸಮುದ್ರ ಬಂತು."

ಹಿರಿಯರು ನೀರು ನೋಡಿದರು. ದೂರದಲ್ಲಿ ಅಡ್ಡಕ್ಕೆ ಮಲಗಿದ್ದ ಮರಳಿನ ದಿಬ್ಬ ನೋಡಿದರು. "ಇದು ಸಮುದ್ರ ಅಲ್ಲ ಬಾಬೂ, ಕಾಕಿನಾಡದ ಕೊಲ್ಲಿ. ಆ ದಿಬ್ಬದ ಆಚೆ ಸಮುದ್ರ. ಮಾತು ಅಂದರೆ ಮಾತು."

ಮಗ ಕಾರಿನ ಬಾಗಿಲು ತೆರೆದು ಹಿಡಿದೇ ಉಳಿದ. ನಾವು ಹೊರಟೆವು.

ದಿಬ್ಬ ಹಿಂದೆ ಸರಿದ ಮೇಲೆ ದೊಡ್ಡ ಅಲೆಯೊಂದು ಬಂದು ದೋಣಿಯನ್ನು ತೊಟ್ಟಿಲಿನಂತೆ ಎತ್ತಿತು. ಯಜಮಾನರು ಹಾಯಿಕಂಬ ಎತ್ತಿ ನಿಲ್ಲಿಸಿ, ಹಾಯಿ ಬಿಚ್ಚಿ, ಇಂ­ಜಿನ್ ಆರಿಸಿ, ಚುಕ್ಕಾಣಿ ಹಿಡಿದು ಕೂತರು. ಮುಂದೆ ನೀಲಿ, ಬಲಕ್ಕೆ ನೀಲಿ, ಕಣ್ಣು ಎಷ್ಟು ಹೋದರೂ ಮುಗಿಯದ ನೀಲಿ. ಇಪ್ಪತ್ತೈದು ವರ್ಷ ಅದರ ಮೇಲೆ ಓಡಾಡಿದ ಮನುಷ್ಯ ಬಾಯಿ ತೆರೆದು ಕೂತುಬಿಟ್ಟಿದ್ದರು. "ಇಷ್ಟು ದೊಡ್ಡದೈತೇನು!" ಅಂದರು, ಅಷ್ಟೇ. ನಾನು ಒಣ ಸೀರೆಯಲ್ಲಿ ಪಕ್ಕದಲ್ಲಿದ್ದೆ. ನಮ್ಮ ಸಂಗಮದ ನೀರೂ ಕೊನೆಗೆ ಇದರೊಳಗೇ ಬಂದು ಸೇರುತ್ತದಲ್ಲ ಎಂದುಕೊಂಡಾಗ ಕೈಗಳು ತಾವಾಗಿ ಕೂಡಿಕೊಂಡವು.

ಹಿರಿಯರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಡುಗೆಕಟ್ಟೆಯ ಕಡೆ ಒಮ್ಮೆ ತಿರುಗಿ, "ನೋಡು, ಬಂದ್ವಿ," ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಬ್ಯಾಂಕಿನವರು ಮತ್ತೆ ಉಸಿರು ಹಿಡಿದಿದ್ದರು.

ಕೊನೆಗೆ ಯಜಮಾನರು ಮತ್ತೆ ಕಾಗದ ತೆಗೆದರು. "ಅಜ್ಜಾರ, ಇದು ಸಮುದ್ರ ಅಂತ ಒಪ್ಪತೀರೋ ಇಲ್ಲೋ?"

"ಒಪ್ಪಿದೆ ಬಾಬೂ. ಇಂಥದ್ದನ್ನ ಒಪ್ಪದೆ ಇರೋಕಾಗುತ್ತಾ?" ಹಿರಿಯರು ಪೆನ್ನು ತೆಗೆದುಕೊಂಡರು, ಮುಚ್ಚಳ ಬಿಚ್ಚಿದರು, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡರು. ದೋಣಿ ಒಮ್ಮೆ ಎದ್ದು ಇಳಿಯಿತು. ಅವರು ಮತ್ತೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ಇಷ್ಟು ಅಲ್ಲಾಡಿದರೆ ಸಹಿ ಕೆಟ್ಟು ಹೋಗುತ್ತೆ. ಬೇಕಾದರೆ ನಿಮ್ಮ ಬ್ಯಾಂಕಿನವರನ್ನೇ ಕೇಳಿ, ಸಹಿ ಹೊಂದದಿದ್ದರೆ ಒಪ್ತಾರಾ? ಇನ್ನೂ ಸ್ವಲ್ಪ ಮುಂದೆ ಹೋಗಿ."

ಈ ಮಾತುಗಳನ್ನು ಇಲ್ಲಿಯವರೆಗೆ ಕೇಳಿದ ನಿಮ್ಮೆಲ್ಲರಿಗೂ ಶರಣು ಶರಣಾರ್ಥಿ. ನಿಮ್ಮ ಕೆಳಗೆ ಬೇಕಾದಷ್ಟು ನೀರಿರಲಿ, ತಲೆಯ ಮೇಲೆ ಒಂದು ರೊಟ್ಟಿಯಷ್ಟಾದರೂ ಜಾಗವಿರಲಿ, ಸಿಕ್ಕಿಕೊಂಡಲ್ಲಿ ಊರಿಗೆ ಊರೇ ಉಂಡು ಬಂದು ದಾಟಿಸಲಿ.